ಟ್ರೌಟ್ ಮೀನಿಗೆ ಪುರಿ

ಐವತ್ತು ದಾಟಿದ ಗಂಡಸರಿಗೆ ಏನಾದರೊಂದು ಹುಚ್ಚು ಹಿಡಿಯಲೇಬೇಕು ಎಂದು ಕಾಣುತ್ತದೆ. ಒಬ್ಬರಿಗೆ ಗುಲಾಬಿ ಗಿಡ, ಒಬ್ಬರಿಗೆ ಹಳೆಯ ಕಾರು, ಇನ್ನೊಬ್ಬರಿಗೆ ತಮ್ಮ ಸಕ್ಕರೆ ಕಾಯಿಲೆಯ ಮೇಲೆ ಭಾಷಣ. ನಮ್ಮನೆಯವರಿಗೆ ಹಿಡಿದದ್ದು ಮೀನಿನ ಹುಚ್ಚು. ನಮ್ಮದೋ, ಏಕಾದಶಿಯ ದಿನ ಈರುಳ್ಳಿ ಬುಟ್ಟಿಯನ್ನು ಕಣ್ಣಿಗೆ ಬೀಳದಂತೆ ಮುಚ್ಚಿಡುವ ಮನೆ. ಕೇಕಿಗೆ ಮೊಟ್ಟೆ ಹಾಕಿದ್ದೀರಾ ಎಂದು ನಾನು ಕೇಳಿ ಕೇಳಿ, ಲಂಡನ್ನಿನ ನಮ್ಮ ಟೂಟಿಂಗ್ ಬಡಾವಣೆಯ ಬೇಕರಿಯ ಹುಡುಗಿ ಈಗ ನನ್ನನ್ನು ಕಂಡೊಡನೆ ದೂರದಿಂದಲೇ ತಲೆಯಾಡಿಸಿಬಿಡುತ್ತಾಳೆ. ಅಂಥ ಮನೆಯ ಯಜಮಾನರು, ಮೈಸೂರಿನ ವೈದಿಕರೊಬ್ಬರ ಮೊಮ್ಮಗ, ತೊಡೆಯುದ್ದದ ರಬ್ಬರ್ ಬೂಟು ಏರಿಸಿಕೊಂಡು ಶನಿವಾರ ಬಂದರೆ ಹೊಳೆಗೆ ಇಳಿಯತೊಡಗಿದರು.

ತಪ್ಪು ಅವರದಲ್ಲ, ಬಿ.ಪಿ.ಯದು. ಅವರು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ದಿನವೆಲ್ಲ ಊರವರನ್ನು ಮಲಗಿಸಿ ಮನೆಗೆ ಬಂದರೆ ತಮಗೇ ನಿದ್ದೆಯಿಲ್ಲ. ಮಾತು ಕಡಿಮೆಯಾಯಿತು, ಸಾರಿಗೆ ಉಪ್ಪು ಕಡಿಮೆಯಾಯಿತು, ಬಿ.ಪಿ. ಮಾತ್ರ ಏರುತ್ತಲೇ ಹೋಯಿತು. ನಮ್ಮ ಮನೆ ಡಾಕ್ಟರಾದ ಜಿ.ಪಿ. ಗುಳಿಗೆ ಬರೆದುಕೊಟ್ಟು, ಮನಸ್ಸಿಗೆ ತಂಪಾಗುವ ಒಂದು ಹವ್ಯಾಸ ಹುಡುಕಿಕೊಳ್ಳಿ ಎಂದರು. ನಾನು ಭಜನೆಗೆ ಕರೆದೆ. "ನಿಮ್ಮ ಭಜನಾ ಮಂಡಳಿಯವರ ಜಗಳ ನೋಡಿದ್ರೆ ಇನ್ನೂ ಏರತ್ತೆ ಕಣೇ" ಎಂದರು. ಕಡೆಗೆ ಆಸ್ಪತ್ರೆಯ ಗೆಳೆಯರೊಬ್ಬರು ನಮ್ಮ ದಕ್ಷಿಣ ಲಂಡನ್ನಿನಲ್ಲೇ ಹರಿಯುವ ವಾಂಡಲ್ ಹೊಳೆಗೆ ಕರೆದುಕೊಂಡು ಹೋದರು. ಒಂದು ಕಾಲಕ್ಕೆ ಕೊಳೆ ತುಂಬಿದ್ದ ಹೊಳೆಯಂತೆ. ಶುಚಿ ಮಾಡಿ, ಟ್ರೌಟ್ ಮೀನುಗಳನ್ನು ಮತ್ತೆ ತಂದು ಬಿಟ್ಟಿದ್ದರು. ಆ ಸಂಜೆ ಇವರು ಬಂದವರೇ ಸೋಫಾದಲ್ಲಿ ಕೂತಲ್ಲೇ ಗೊರಕೆ ಹೊಡೆದರು. ದೀಪ ಹಚ್ಚುವ ಹೊತ್ತಿಗೆ ಆ ದಿನದ ಉಪಕಾರಗಳನ್ನೆಲ್ಲ ದೇವರಿಗೆ ಹೇಳಿಕೊಳ್ಳುವುದು ನನ್ನ ಅಭ್ಯಾಸ. ಅಂದು ಆ ಗೊರಕೆಯನ್ನೇ ಮೊದಲು ಹೇಳಿದೆ.

ಮೀನು ಹಿಡಿಯುವವರಿಗೆ ಇಷ್ಟೊಂದು ಮಡಿ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಹುಳು ಚುಚ್ಚಕೂಡದು, ದಾರ, ಪುಕ್ಕ ಸುತ್ತಿ ಮಾಡಿದ ಸುಳ್ಳು ನೊಣವನ್ನೇ ಗಾಳಕ್ಕೆ ಕಟ್ಟಬೇಕು. ಸಿಕ್ಕ ಮೀನು ಜಾರದಂತೆ ತಡೆಯುವ ಹಿಮ್ಮುಳ್ಳು ಗಾಳಕ್ಕೆ ಇರಕೂಡದು. ಒದ್ದೆ ಮಾಡಿಕೊಳ್ಳದ ಕೈಯಲ್ಲಿ ಮೀನನ್ನು ಮುಟ್ಟಕೂಡದು. ಸೆಕೆ ಹೆಚ್ಚಾಗಿ ನೀರು ಬೆಚ್ಚಗಾದರೆ ಮೀನಿಗೆ ಉಸಿರು ಕಟ್ಟುತ್ತದೆ, ಅಂದು ಹೊಳೆಗೆ ರಜೆ. ತಿನಿಸು ಎರಚಿ ಮೀನು ಕರೆಯುವುದಂತೂ ಮಹಾಪರಾಧ. ಎಲ್ಲಕ್ಕಿಂತ ಮುಖ್ಯವಾಗಿ, ಹಿಡಿದ ಮೀನನ್ನು ಹಾಗೆಯೇ ನೀರಿಗೆ ಬಿಡಬೇಕು. ಆ ಹೊಳೆಯ ಮೀನು ಹಿಡಿಯುವವರ ಕ್ಲಬ್ಬಿನವರು ಇವರನ್ನು ಸದ್ಯಕ್ಕೆ ಪರೀಕ್ಷೆಗೆಂದು ಸೇರಿಸಿಕೊಂಡಿದ್ದರು. ನಡತೆ ನೋಡಿಕೊಂಡು ಬೇಸಿಗೆಯಲ್ಲಿ ಸದಸ್ಯತ್ವ. ಇವರು ಆ ನಿಯಮಗಳನ್ನು ಸಂಧ್ಯಾವಂದನೆಗಿಂತ ಶ್ರದ್ಧೆಯಿಂದ ಕಲಿತರು. ಪುಕ್ಕದ ಡಬ್ಬಿಯನ್ನು ಮಾತ್ರ ನಾನು ಹಿತ್ತಲಿನ ಶೆಡ್ಡಿಗೆ ಸಾಗಿಸಿದೆ.

ಪಕ್ಕದ ಬೀದಿಯ ಸುಮತಿ ಕುಂದಾಪುರದವಳು. ಸುದ್ದಿ ಕೇಳಿ ಪಾತ್ರೆ ಹಿಡಿದುಕೊಂಡೇ ಬಂದಳು.

"ಡಾಕ್ಟ್ರು ಮೀನು ತಂದ್ರೆ ನಮ್ಮನೆಗೆ ಕೊಡಿ ಅಕ್ಕ. ನಿಮಗೂ ಪಾಪ ಇಲ್ಲ, ನಮಗೂ ಸಾರಾಯ್ತು."

"ತರೋದಿಲ್ವಂತೆ ಸುಮತಿ. ಹಿಡಿದು ವಾಪಸ್ ಬಿಡೋದಂತೆ."

ಅವಳು ಪಾತ್ರೆ ಕೆಳಗಿಟ್ಟಳು. "ತಿನ್ನುದಿಲ್ಲ, ಮಾರುದಿಲ್ಲ. ಮತ್ತೆ ಹಿಡಿಯುದು ಎಂತಕ್ಕೆ ಮಾರಾಯ್ರೆ? ಆ ಮೀನಿಗೆ ಅವಮಾನ ಮಾಡ್ಲಿಕ್ಕಾ?"

ಈ ಮಾತು ನನ್ನನ್ನು ಕೊರೆಯಿತು. ಹೊಟ್ಟೆಗಾಗಿ ಹಿಡಿಯುವವರಿಗೆ ಹೊಟ್ಟೆಯ ನೆಪವಾದರೂ ಇದೆ. ನಮ್ಮವರಿಗೆ ಯಾವ ನೆಪ? ಭಗವಂತ ಮೊದಲು ಎತ್ತಿದ್ದೇ ಮೀನಿನ ಅವತಾರ. ತಿಂಗಳಾದರೂ ಇವರಿಗೆ ಒಂದು ಮೀನೂ ಸಿಕ್ಕಿರಲಿಲ್ಲ, ಅದೂ ದೇವರ ದಯೆಯೇ. ಆದರೆ ಗಾಳ ಎಸೆದ ಪಾಪ ಎಸೆದಷ್ಟೂ ಇರುತ್ತದಲ್ಲ. ಬಿಡಿಸೋಣವೆಂದರೆ ಬಿ.ಪಿ. ಇಳಿದಿದೆ. ಯೋಚಿಸುತ್ತ ಪುರಿಗೆ, ಅದೇ ಮಂಡಕ್ಕಿಗೆ, ಒಗ್ಗರಣೆ ಹಾಕುತ್ತಿದ್ದಾಗ ಶೃಂಗೇರಿ ನೆನಪಾಯಿತು. ಮದುವೆಯಾದ ಹೊಸದರಲ್ಲಿ ಇಬ್ಬರೂ ತುಂಗೆಯ ಮೆಟ್ಟಿಲ ಮೇಲೆ ಕೂತು ದೇವರ ಮೀನುಗಳಿಗೆ ಪುರಿ ಹಾಕಿದ್ದೆವು. ಅಲ್ಲಿ ಪುಣ್ಯವಾದದ್ದು ಇಲ್ಲಿ ಪಾಪವಾಗುವುದುಂಟೆ? ಅಂದಿನಿಂದ ಶನಿವಾರ ಇವರು ಕೆಳಗಡೆ ಗಾಳ ಹಾಕುತ್ತಿದ್ದರೆ, ನಾನು ವಾಕಿಂಗ್ ನೆಪದಲ್ಲಿ ಮೇಲ್ಗಡೆಯ ಕಾಲುಸೇತುವೆಯಿಂದ ನಾರಾಯಣ ಎನ್ನುತ್ತ ಪುರಿ ಹಾಕತೊಡಗಿದೆ. ನಿಯಮ ಕೇಳಿರಲಿಲ್ಲವೇ ಎಂದರೆ, ಕೇಳಿದ್ದೆ. ಆದರೆ ಅದು ಮೀನು ಹಿಡಿಯುವವರಿಗೆ. ನಾನು ಹಾಕುತ್ತಿದ್ದದ್ದು ನೈವೇದ್ಯ.

ಜೂನ್ ತಿಂಗಳ ಮೊದಲ ಶನಿವಾರ. ಮಳೆಯಿಲ್ಲದೆ ಹೊಳೆ ಇಳಿದು, ತಳದ ಬೆಣಚುಕಲ್ಲುಗಳು ಗಾಜಿನೊಳಗಿಟ್ಟಂತೆ ಕಾಣುತ್ತಿದ್ದವು. ಇಂಥ ನೀರಿನಲ್ಲಿ ನಾವು ಮೀನನ್ನು ನೋಡುವ ಮೊದಲೇ ಮೀನು ನಮ್ಮನ್ನು ನೋಡಿರುತ್ತದೆ ಎಂದು ಇವರು ಬೆಳಿಗ್ಗೆಯೇ ಪಾಠ ಹೇಳಿದ್ದರು. ನೀರಿನ ಮೇಲೆ ಮೇ ನೊಣಗಳು ಗುಂಪುಗುಂಪಾಗಿ ಕುಣಿಯುತ್ತಿದ್ದವು. ವರ್ಷಕ್ಕೊಮ್ಮೆ ಟ್ರೌಟ್‌ಗಳಿಗೆ ಹಬ್ಬದೂಟವಂತೆ. ನಾನು ಎಂದಿನಂತೆ ಪುರಿ ಹಾಕಿದೆ. ಮೀನುಗಳು ನೊಣಗಳ ಕಡೆ ತಿರುಗಿಯೂ ನೋಡದೆ, ಪುರಿಯ ಹಿಂದೆ ಸಾಲಾಗಿ ಇಳಿದುಹೋದವು. ನಾನು ಕೈಮುಗಿದು ನಿಂತಿದ್ದೆ. ಕಣ್ಣು ಬಿಟ್ಟರೆ ಕ್ಲಬ್ಬಿನ ಕಾರ್ಯದರ್ಶಿ ಮಿಸ್ಟರ್ ಪಾರ್ಕಿನ್ ಎದುರಿಗಿದ್ದಾರೆ, ಅಂಗೈಯಲ್ಲಿ ನಾಲ್ಕು ಒದ್ದೆ ಪುರಿ. ಹಿಂದೆ ನಮ್ಮನೆಯವರು.

"ಮೇಡಂ, ಇದು ಯಾವ ಹುಳುವಿನ ಮೊಟ್ಟೆ ಎಂದು ಕೆಲವು ವಾರಗಳಿಂದ ಯೋಚಿಸುತ್ತಿದ್ದೇನೆ" ಎಂದರು ಅವರು, ಬಹಳ ಮರ್ಯಾದೆಯಿಂದ.

"ಪಫ್ಡ್ ರೈಸ್" ಎಂದೆ.

"ಇಲ್ಲಿ ತಿನಿಸು ಹಾಕಿದರೆ, ಯಾರ ಪರವಾಗಿ ಹಾಕಿದರೋ ಅವರನ್ನು ಕ್ಲಬ್ಬಿನಿಂದ ತೆಗೆಯಬೇಕಾಗುತ್ತದೆ."

ಹೊಳೆ ಹೋದರೆ ಗೊರಕೆ ಹೋಯಿತು, ಗೊರಕೆ ಹೋದರೆ ಬಿ.ಪಿ. ಬಂತು. ನನ್ನ ಹರಕು ಇಂಗ್ಲಿಷಿನಲ್ಲಿ ಮತ್ಸ್ಯಾವತಾರದಿಂದ ಶೃಂಗೇರಿಯವರೆಗೆ ಎಲ್ಲ ಹೇಳಿದೆ. ನಮ್ಮನೆಯವರು ನನ್ನನ್ನು ಬಿಟ್ಟುಕೊಡುತ್ತಾರೆ ಎಂದುಕೊಂಡಿದ್ದೆ. ಅವರು ಟೋಪಿ ತೆಗೆದು, "ನನಗೆ ಒಳ್ಳೆಯದಾಗಲಿ ಅಂತ ಹಾಕಿದ್ದಾಳೆ. ಹೊಣೆ ನನ್ನದು" ಎಂದಷ್ಟೇ ಹೇಳಿದರು. ಮೂವತ್ತು ವರ್ಷದ ಸಂಸಾರದಲ್ಲಿ ಇಂಥ ಮಾತು ಕೇಳಲು ನಾನು ಹೊಳೆಯ ತನಕ ಬರಬೇಕಾಯಿತು.

ಪಾರ್ಕಿನ್ ಅಂಗೈಯ ಪುರಿಯನ್ನು ಜೇಬಿಗೆ ಹಾಕಿಕೊಂಡರು. "ನಿಮ್ಮ ಊರಲ್ಲಿ ಮೀನುಗಳು ಕೈಯ ಹತ್ತಿರವೇ ಬರುತ್ತವೆಯೆ?"

"ಬರ್ತವೆ. ಇಷ್ಟುದ್ದ" ಎಂದು ಮೊಳಕೈ ತೋರಿಸಿದೆ.

"ಯಾರೂ ಹಿಡಿಯುವುದಿಲ್ಲ?"

"ಯಾರೂ ಇಲ್ಲ."

ಅವರು ನಿಟ್ಟುಸಿರು ಬಿಟ್ಟರು. ಭಕ್ತಿಯ ನಿಟ್ಟುಸಿರಲ್ಲ, ಆಸೆಯದು. ಸಮಿತಿಗೆ ಹೇಳಲೇಬೇಕಾಗುತ್ತದೆ, ಅಲ್ಲಿಯವರೆಗೆ ದಯವಿಟ್ಟು ಪುರಿ ಬೇಡ ಎಂದು ಹೋದರು.

ಆ ವಾರವೆಲ್ಲ ಇವರು ಮನೆಗೆ ಬಂದವರೇ ಶೆಡ್ಡು ಸೇರುತ್ತಿದ್ದರು. ಬಿ.ಪಿ. ನೋಡಿಕೊಳ್ಳಿ ಎಂದರೆ ಬೇಡವೆಂದರು. ಶುಕ್ರವಾರ ದೇವರ ಮುಂದೆ ಕೂತರೆ, ಬತ್ತಿ ಹೊಸೆಯುವ ಹತ್ತಿಯ ಉಂಡೆ ಅರ್ಧ ಮಾಯವಾಗಿತ್ತು. ಶೆಡ್ಡಿಗೆ ಹೋಗಿ ನೋಡಿದೆ. ಗಾಳದ ಕೊಕ್ಕೆಗೆ ನನ್ನ ಹತ್ತಿಯನ್ನು ಸುತ್ತಿ, ಥೇಟ್ ಪುರಿಯ ಹಾಗೆ ಉಬ್ಬಿಸಿ ಕೂರಿಸಿದ್ದಾರೆ.

"ರೀ, ದೇವರ ಹತ್ತಿ ಅದು."

"ನೀನೇ ಅಭ್ಯಾಸ ಮಾಡಿಸಿದೀಯ. ಅವು ಈಗ ಬೇರೇನೂ ಮುಟ್ಟಲ್ಲ."

"ಮಿಂಚ್ತಾ ಇದೆ. ತುಪ್ಪ ಹಚ್ಚಿದೀರಾ?"

"ತುಪ್ಪ ತಿನಿಸಾಗತ್ತೆ ಕಣೇ, ರೂಲ್ಸಿಗೆ ಬರಲ್ಲ. ತೇಲಕ್ಕೆ ಮೇಣ ಹಚ್ಚಿದೀನಿ."

ಮರುದಿನ ಇವರಿಗೆ ಮೊದಲ ಟ್ರೌಟ್ ಸಿಕ್ಕಿತು. ಕೈ ಒದ್ದೆ ಮಾಡಿಕೊಂಡು, ಮಗುವಿನಂತೆ ಹಿಡಿದು, ನೀರಿನಲ್ಲೇ ಗಾಳ ಬಿಡಿಸಿದರು. ಅದು ಬಾಲ ಬೀಸಿ ಹೋಗಿಯೇಬಿಟ್ಟಿತು. ಪಾರ್ಕಿನ್ ಓಡಿಬಂದು ಗಾಳ ನೋಡಿದರು, ನನ್ನನ್ನು ನೋಡಿದರು. ಹತ್ತಿ ತಿನಿಸಲ್ಲ, ಕೈಯಿಂದ ಸುತ್ತಿದ್ದು, ಹಿಮ್ಮುಳ್ಳಿಲ್ಲ. ನಿಯಮದಲ್ಲಿ ಎಲ್ಲಿಯೂ ತಪ್ಪಿಲ್ಲ ಎಂದು ತಾವೇ ತೀರ್ಪು ಕೊಟ್ಟು, ತಗ್ಗಿದ ದನಿಯಲ್ಲಿ ತಮಗೂ ಎರಡು ಬೇಕೆಂದರು. ಸಮಿತಿಗೆ ಏನು ಹೇಳಿದರೋ, ಪೂರ್ಣ ಸದಸ್ಯತ್ವ ಬಂತು. ಸುಮತಿಗೆ ಮಾತ್ರ ಸಮಾಧಾನವಿಲ್ಲ. "ಹೊಟ್ಟೆಗೆ ಪುರಿಯೂ ಇಲ್ಲ, ಬಾಯಿಗೆ ಹತ್ತಿ ಬೇರೆ" ಎನ್ನುತ್ತಾಳೆ.

ಸದಸ್ಯತ್ವ ಬಂದ ಸಂಜೆ ದೀಪ ಹಚ್ಚಿ ಉಪಕಾರಗಳನ್ನು ಹೇಳಿಕೊಂಡೆ. ಇವರ ಬಿ.ಪಿ. ಇಳಿದೇ ಇದೆ, ಹೊಳೆ ಕೈತಪ್ಪಲಿಲ್ಲ, ಮೀನು ಜೀವಂತ ಮನೆ ಸೇರಿತು. ಮುಂದಿನದನ್ನು ಉಪಕಾರದ ಲೆಕ್ಕಕ್ಕೆ ಸೇರಿಸಲಾಗಲಿಲ್ಲ. ಎರಡು ತಿಂಗಳು ಇವರಿಗೆ ಅಂಟದೇ ಇದ್ದ ಮೀನು ಹಿಡಿದ ಪಾಪ, ನನ್ನ ಪುರಿಯ ರುಚಿ ಹತ್ತಿಸಿ, ನನ್ನ ಬತ್ತಿಯ ಹತ್ತಿ ಸುತ್ತಿ ಅಂಟಿದೆ. ಈಗ ಶುಕ್ರವಾರ ಬತ್ತಿ ಹೊಸೆಯುವಾಗ ಒಂದು ಹಿಡಿ ಹತ್ತಿ ಬೇರೆ ಎತ್ತಿಡುತ್ತೇನೆ. ಯಾರಿಗೆಂದು ದೇವರು ಕೇಳಿಲ್ಲ, ನಾನೂ ಹೇಳಿಲ್ಲ.