ವೈರು ಸುಲಿಯುವ ಹಲ್ಲು

ಮೈ ದಣಿದರೆ ಮಲಗಿ ಎದ್ದರೆ ಹೋಗುತ್ತದೆ. ಮನೆಯಲ್ಲಿ ಹಲ್ಲಿನ ಡಾಕ್ಟರ್ ಓದುವವರಿದ್ದರೆ ಬರುವ ದಣಿವು ಮಾತ್ರ ಮಲಗಿದರೂ ಹೋಗುವುದಿಲ್ಲ. ಆಕಳಿಸಿದರೆ ಸಾಕು, ಬಾಯೊಳಗೆ ಟಾರ್ಚ್ ಬಂದಿರುತ್ತದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು, ಆಲೂರಿನಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟವನು ನಾನು. ಹೆತ್ತೂರಿನ ಎಸ್ಟೇಟುಗಳವರೂ ಪಂಪು ಹೊತ್ತುಕೊಂಡು ನನ್ನ ಹತ್ತಿರವೇ ಬರುತ್ತಾರೆಂಬ ಹೆಮ್ಮೆ ಒಂದು. ನನ್ನ ಮುಂದಿನ ಹಲ್ಲಿನ ಹೆಮ್ಮೆ ಇನ್ನೊಂದು. ವೈರಿನ ಸಿಪ್ಪೆಯನ್ನು ಅದರಲ್ಲೇ ಸುಲಿಯುತ್ತೇನೆ. ಒಂದು ಕೈಯಲ್ಲಿ ಟೆಸ್ಟರ್, ಇನ್ನೊಂದರಲ್ಲಿ ಮೋಟಾರ್. ಮೂರನೆಯ ಕೈ ಕೊಡದ ದೇವರು ಹಲ್ಲು ಕೊಟ್ಟಿದ್ದು ಮತ್ತೆ ಯಾತಕ್ಕೆ? ಸುಲಿದೂ ಸುಲಿದೂ ಹಲ್ಲಿನ ತುದಿಯಲ್ಲಿ ವೈರಿನ ಅಳತೆಗೇ ಒಂದು ಕಚ್ಚು ಬಿದ್ದಿತ್ತು.

ಮಗಳು ರಮ್ಯ ಬಿ.ಡಿ.ಎಸ್. ಕೊನೆಯ ವರ್ಷದಲ್ಲಿದ್ದಾಳೆ. ಅಲ್ಲಿ ಪರೀಕ್ಷೆ ಬರೆದರಷ್ಟೇ ಸಾಲದಂತೆ, ಪೋರ್ಟ್‌ಫೋಲಿಯೊ ಅಂತ ಒಂದು ದಪ್ಪ ಫೈಲು ಮಾಡಬೇಕಂತೆ. ತಾನು ನೋಡಿದ ರೋಗಿಯ ಹಲ್ಲಿನದು ಮೊದಲೊಂದು ಫೋಟೊ, ಆಮೇಲೊಂದು, ತಿಂಗಳು ಬಿಟ್ಟು ಮತ್ತೊಂದು. ಅದರ ಕೆಳಗೆ ತಾನು ಎಲ್ಲಿ ಎಡವಿದೆ, ಮುಂದೆ ಹೇಗೆ ಮಾಡುತ್ತೇನೆ ಎಂದು ಸ್ವಂತ ಕೈಯಲ್ಲೇ ಬರೆದು, ಪಾಠ ಮಾಡುವ ಮೇಡಂ ಹತ್ತಿರ ಸಹಿ ಹಾಕಿಸಬೇಕು.

"ತಪ್ಪು ಮಾಡಿದ್ದನ್ನ ನೀನೇ ಬರ್ಕೊಡೋದಾ? ಗಿರಾಕಿ ಹತ್ರ ಹಂಗೆ ಒಪ್ಕೊಂಡಿದ್ರೆ ಅಂಗ್ಡಿ ಮುಚ್ಚಿ ಯಾವ ಕಾಲ ಆಗಿರೋದು!" ಅಂದೆ.

"ಮೋಟಾರು ಅಳಾಕಿಲ್ಲ ಕಣಪ್ಪ, ಮನುಷ್ರು ಅಳ್ತಾರೆ" ಅಂದಳು.

ಮುಂದಿನ ಹಲ್ಲು ತುಂಬುವ ಕೇಸೊಂದು ಅವಳಿಗೆ ಬಾಕಿಯಿತ್ತು. ಬರುತ್ತೇನೆಂದ ರೋಗಿ ಬರಲಿಲ್ಲ. ಆ ಕೇಸಿಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ನನ್ನ ಹಲ್ಲನ್ನೇ ನೋಡಿದಳು.

ಅಂಗಡಿಗೆ ಬಾಗಿಲು ಹಾಕಿ ಅವಳ ಕಾಲೇಜಿಗೆ ಹೋದೆ. ಫೋಟೊ ಎಂದಿದ್ದಕ್ಕೆ ಇಸ್ತ್ರಿ ಅಂಗಿ ಹಾಕಿಕೊಂಡಿದ್ದೆ. ಪ್ಲಾಸ್ಟಿಕ್ ಕೊಕ್ಕೆಯಿಂದ ತುಟಿ ಎಳೆದು ತೆಗೆದ ಆ ಫೋಟೊದಲ್ಲಿ ಅಂಗಿಯೂ ಇಲ್ಲ, ಮುಖವೂ ಇಲ್ಲ. ಬಾಯಿ ತೆರೆದೂ ಮಾತಾಡಲಾಗದೆ ಕೂತು ಸಾಕಾಗಿ ಎದ್ದಾಗ ಕಚ್ಚು ಮಾಯವಾಗಿತ್ತು. "ಚೆನ್ನಾಗಿದೆ, ತಿಂಗಳು ಬಿಟ್ಟು ಕರ್ಕೊಂಡು ಬಾ" ಎಂದರು ಮೇಡಂ.

ಹಾಗೆ ಹೋಗಬೇಕಾದ ದಿನದ ಮುನ್ನಾದಿನ ಮಾರನಹಳ್ಳಿಯ ಗಿರಾಕಿಯೊಬ್ಬ ಪಂಪು ತಂದ. "ಬರೀ ವೈರ್ ಬಿಟ್ಕೊಂಡೈತೆ, ಬೇಗ ಹಾಕ್ಕೊಡಣ್ಣ, ಜೀಪು ಕಾಯ್ತೈತೆ" ಎಂದು ತಲೆಯ ಮೇಲೆ ನಿಂತ. ನನ್ನ ಎರಡೂ ಕೈ ಖಾಲಿಯಿರಲಿಲ್ಲ. ವೈರು ತಾನಾಗಿ ಬಾಯಿಗೆ ಹೋಯಿತು. ಟಕ್ ಎಂದಿತು. ಮಗಳು ತುಂಬಿದ್ದು ಅಕ್ಕಿ ನುಚ್ಚಿನಂತೆ ಅಂಗೈಗೆ ಬಂತು.

"ಚಕ್ಕುಲಿ ಕಡಿದೆ ಕಣವ್ವ" ಎಂದೆ ಮಗಳಿಗೆ. ಅವಳು ಬಾಯೊಳಗೆ ಟಾರ್ಚ್ ಬಿಟ್ಟಳು.

"ಚಕ್ಕುಲಿ ಕೆಂಪಗಿತ್ತಾ ಅಪ್ಪ?"

ಹಲ್ಲಿನ ಸಂದಿಯಲ್ಲಿ ವೈರಿನ ಕೆಂಪು ಸಿಪ್ಪೆ ಉಳಿದಿತ್ತು. ಅವಳು ನಕ್ಕಳು, ಆಮೇಲೆ ಫೈಲು ತೆಗೆದು ಮುಂದಿಟ್ಟುಕೊಂಡಳು. "ನಾಳೆ ಮೇಡಂಗೆ ಏನಂತ ತೋರ್ಸ್ಲಿ?" ಬೈದಿದ್ದರೆ ನನಗೆ ಸುಲಭವಿತ್ತು.

ಮರುದಿನ ಮುರಿದ ಹಲ್ಲಿನದೇ ಫೋಟೊ ಅಂಟಿಸಿದಳು. ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದನ್ನು ಮೇಡಂ ನನಗಾಗಿ ಕನ್ನಡದಲ್ಲಿ ಹೇಳಿದರು: "ರೋಗಿಯ ಅಭ್ಯಾಸ ಗೊತ್ತಿದ್ದೂ ಎಚ್ಚರಿಸಲಿಲ್ಲ. ಅಪ್ಪನಲ್ಲವೇ, ತಾನೇ ನೋಡಿಕೊಳ್ಳುತ್ತಾರೆ ಎಂದುಕೊಂಡೆ. ತಪ್ಪು ನನ್ನದು." ಸಹಿ ಹಾಕಿ, "ಕಲಿಯೋದು ಅಂದ್ರೆ ಇದೇ ಕಣಮ್ಮ" ಎಂದರು. ನಾನು ಚಪ್ಪಲಿ ನೋಡುತ್ತಾ ನಿಂತೆ. ಮಗಳು ಮತ್ತೆ ಹಲ್ಲು ತುಂಬಿದಳು.

ಬಸ್ಸಿಳಿದು ಬಂದರೆ ಅಂಗಡಿ ಮುಂದೆ ಅದೇ ಮಾರನಹಳ್ಳಿಯವನು. "ಏನಣ್ಣ, ಸ್ವಿಚ್ ಹಾಕ್ತಿದ್ದಂಗೆ ಹೊಗೆ ಬಂದ್ಬುಡ್ತಲ್ಲ!" ಬಿಚ್ಚಿ ನೋಡಿದೆ. ಹಲ್ಲು ಮುರಿದ ಗಾಬರಿಯಲ್ಲಿ ವೈರುಗಳನ್ನು ಅದಲುಬದಲಾಗಿ ಸೇರಿಸಿದ್ದೆ. ಮಗಳ ನೆನಪಾಯಿತು. ಈ ಸಲವಾದರೂ ಒಪ್ಪಿಕೊಳ್ಳೋಣವೆಂದು ಬಾಯಿ ತೆರೆದೆ.

"ನಿಮ್ಮ ಕಡೆ ವೋಲ್ಟೇಜ್ ಸರಿ ಇಲ್ಲ ಕಣಯ್ಯ" ಎಂಬ ಮಾತು ಹೊರಬಿತ್ತು. ಹಲ್ಲು ಹೊಸದಾದರೇನು, ಬಾಯಿ ಹಳೆಯದೇ.