ಅಕ್ಕನ ಉಗುರು, ಮಗಳ ಗೌಲಿ

ನಿನ್ನೆ ಹಾಲು ಕಾಸಿದೆ, ಅಂಗಳ ಗುಡಿಸಿದೆ, ರೊಟ್ಟಿ ಬಡಿದೆ, ಮದುವೆಗೆಂದು ತಂದ ಕೊಬ್ಬರಿಯನ್ನು ಬಿಸಿಲಿಗೆ ಹರವಿದೆ, ಟೇಲರನಿಗೆ ಫೋನು ಮಾಡಿ ಮಗಳ ಜಂಪರಿನ ತೋಳು ಸ್ವಲ್ಪ ಸಡಿಲ ಮಾಡೆಂದೆ, ಮನೆಮಂದಿಯ ಬೆಳಗಿನ ತಾಟು ತಿಕ್ಕಿದೆ. ಆಮೇಲೆ ಅವೇ ತಾಟುಗಳನ್ನು ಇನ್ನೊಮ್ಮೆ ತಿಕ್ಕಿದೆ. ಯಾಕೆಂದರೆ ಹಿಂದೆ ಕುರ್ಚಿ ಹಾಕಿಕೊಂಡು ಅಕ್ಕ ಕೂತಿದ್ದಳು.

ಅಕ್ಕ ಎಂದರೆ ನನ್ನ ಹಿರಿಯ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ಬೈಲಹೊಂಗಲದ ಈ ಮನೆಯಲ್ಲಿ ನಾವಿಬ್ಬರೂ ಒಂದೇ ಅಡುಗೆಮನೆಯಲ್ಲಿ ಕೂದಲು ನರೆಸಿಕೊಂಡವರು. ಅವಳು ನೀರನ್ನೂ ತೊಳೆದು ಕುಡಿಯುತ್ತಾಳೆಂದು ಓಣಿಯಲ್ಲಿ ಆಡಿಕೊಳ್ಳುತ್ತಾರೆ. ಇದು ಶುದ್ಧ ಸುಳ್ಳು. ನೀರನ್ನು ಅವಳು ಬರೀ ಸೋಸುತ್ತಾಳೆ. ತೊಳೆಯುವುದು ಉಳಿದದ್ದನ್ನೆಲ್ಲ. ಉಪ್ಪಿನ ಪಾಕೀಟು, ಬಾಗಿಲ ಚಿಲಕ, ಎಸೆಯುವ ಮೊದಲು ಬಾಳೆಹಣ್ಣಿನ ಸಿಪ್ಪೆ, ಕಡೆಗೆ ಸಾಬೂನು. ಸಾಬೂನು ಯಾಕೆ ತೊಳೆಯಬೇಕು ಎಂದು ಕೇಳಿದ್ದೆ.

"ಎಲ್ಲಾರೂ ಅದಕ್ಕ ಹೊಲಸು ಕೈ ಹಚ್ಚತಾರಲ್ಲ ತಂಗಿ," ಅಂದಳು.



ಅಕ್ಕನ ಕೈಗಳಲ್ಲಿ ಒಂದು ವಿದ್ಯೆಯೂ ಇತ್ತು. ಗೌಲಿ ಮಾಡುವುದು. ನಾದಿದ ಗೋಧಿ ಹಿಟ್ಟನ್ನು ಹೆಬ್ಬೆರಳಿನ ಉಗುರಿನಿಂದ ಚೂಟಿ ಬೆರಳ ತುದಿಯಲ್ಲಿ ಹೊಸೆದರೆ ಜೀರಿಗೆಯಂಥ ಕಾಳು ಉದುರುತ್ತದೆ. ಒಣಗಿಸಿ ಇಟ್ಟರೆ ಪಾಯಸಕ್ಕೆ. ನಮ್ಮ ಮನೆಯ ಹೆಣ್ಣು ಮದುವೆಯಾಗಿ ಹೊರಟರೆ ಜೊತೆಗೆ ಒಂದು ಡಬ್ಬಿ ಗೌಲಿ ಹೋಗಲೇಬೇಕು. ಅಕ್ಕನ ಕೈಯ ಗೌಲಿಗಳೆಲ್ಲ ಒಂದೇ ತಾಯಿಯ ಮಕ್ಕಳಂತಿರುತ್ತವೆ. ನಾನು ಮಾಡಿದರೆ ಒಂದೊಂದೂ ಒಂದೊಂದು ಊರಿನವು. "ಇವನ್ನ ನೋಡಿದ್ರ ಬೀಗರು ಹೆಣ್ಣು ಬ್ಯಾಡ ಅಂತಾರ," ಎಂದು ಅಕ್ಕ ನನ್ನನ್ನು ಆ ಕೆಲಸದಿಂದ ಎಂದೋ ಬಿಡಿಸಿದ್ದಳು.

ದೀಪಾವಳಿಯ ಹೊತ್ತಿಗೆ ನನ್ನ ಮಗಳಿಗೆ ರಾಮದುರ್ಗದ ಸಂಬಂಧ ಗೊತ್ತಾಯಿತು. ಮಗಳು ಹುಟ್ಟಿದ್ದು ನನ್ನ ಹೊಟ್ಟೆಯಲ್ಲಾದರೂ ಬೆಳೆದದ್ದು ಅಕ್ಕನ ಕಂಕುಳಲ್ಲಿ. ಅಕ್ಕ ಅಂದೇ ಹಿಟ್ಟು ನಾದಿ ಕೂತಳು. ಮಧ್ಯಾಹ್ನದ ಹೊತ್ತಿಗೆ ಮೊರದ ತುಂಬ ಗೌಲಿ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದವಳು ಹಾಗೇ ಕಲ್ಲಾದಳು. ಕಾಳುಗಳ ನಡುವೆ ಈರುಳ್ಳಿ ಸಿಪ್ಪೆಯಂಥ ತೆಳ್ಳನೆಯ ಒಂದು ಚೂರು. ಅವಳದೇ ಉಗುರು.

ಕೆಲವು ತಿಂಗಳಿಂದ ಅವಳ ಉಗುರುಗಳು ತುದಿಯಲ್ಲಿ ಪದರು ಪದರಾಗಿ ಏಳುತ್ತಿದ್ದವು. ಸೀರೆಯ ಸೆರಗಿಗೆ ಸಿಕ್ಕಿ ಹರಿಯುತ್ತಿದ್ದವು. ಅವಳು ಲೆಕ್ಕಕ್ಕೆ ಇಟ್ಟಿರಲಿಲ್ಲ. ಈಗ ಮೊರವನ್ನು ಎತ್ತಿಕೊಂಡು ಹೋಗಿ ಪಕ್ಕದ ಮನೆಯ ಎಮ್ಮೆಯ ಬಾನಿಗೆ ಸುರಿದು ಬಂದಳು. ಆ ಎಮ್ಮೆಗೆ ಅಂದು ಮದುವೆಯ ಮೊದಲ ಊಟ.

"ಇನ್ನ ನಾ ಗೌಲಿ ಮಾಡಂಗಿಲ್ಲ. ಪ್ಯಾಟ್ಯಾಗಿಂದ ತಂದು ಕಳಸ್ರಿ," ಅಂದು ಗೋಡೆಗೆ ಮುಖ ಮಾಡಿ ಮಲಗಿದಳು. ಪೇಟೆಯ ಸಕ್ಕರೆಯನ್ನೇ ನಂಬದವಳು ಪೇಟೆಯ ಗೌಲಿ ಎನ್ನಬೇಕಾದರೆ!

ಮರುದಿನದಿಂದ ಔಷಧಿಗಳ ಮೆರವಣಿಗೆ. ಮುರಗೋಡದಲ್ಲಿರುವ ಅವಳ ತಂಗಿ ಬಳ್ಳೊಳ್ಳಿ ತಿಕ್ಕು ಅಂದಳು. ತಿಕ್ಕಿದಳು. ಆ ವಾಸನೆ ಹೋಗಲೆಂದು ಮೂರು ಪಟ್ಟು ಕೈ ತೊಳೆದಳು. ಎದುರುಮನೆಯಾಕೆ ನಿಂಬೆಹಣ್ಣು ಅಂದಳು. ಉರಿ ಹತ್ತಿತು. ಉರಿ ಹೋಗಲೆಂದು ಮತ್ತೆ ತೊಳೆದಳು. ನನ್ನ ಗಂಡ ಪೇಟೆಯಿಂದ ಉಗುರು ಗಟ್ಟಿಮಾಡುವ ಬಣ್ಣ ತಂದರು. ಅಕ್ಕ ಮೊದಲು ಆ ಬಾಟಲಿ ತೊಳೆದಳು.

ಕೊನೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ರಕ್ತ ತಪಾಸಣೆ ಮಾಡಿಸಿ, ಎಲ್ಲ ಬರೋಬರಿ ಐತಿ ಅಂದು, ಉಗುರುಗಳನ್ನು ಒಂದೊಂದಾಗಿ ನೋಡಿದರು.

"ದಿನಾ ಎಷ್ಟು ಸಲ ಕೈ ತೊಳಿತೀರಿ?"

"ಹೊಲಸಾದಾಗ."

"ಎಷ್ಟು ಸಲ ಹೊಲಸಾಗತೈತಿ?"

ಅಕ್ಕ ನನ್ನ ಮುಖ ನೋಡಿದಳು. ನಾನು ಫ್ಯಾನು ನೋಡಿದೆ.

"ಉಗುರು ನೀರು ಹೀರಿ ಉಬ್ಬತಾವ, ಒಣಗಿ ಕುಗ್ಗತಾವ. ದಿನಪೂರ್ತಿ ಹಿಂಗ ಮಾಡಿದ್ರ ಪದರು ಬಿಚ್ಚದ ಏನ್ ಮಾಡ್ಯಾವ್ರಿ?"

"ಹಂಗಾರ ಮೀನಿಗೆ ಯಾಕ ಏನೂ ಆಗೂದಿಲ್ಲ?"

"ಮೀನಿಗೆ ಉಗುರು ಎಲ್ಲಿ ಅದಾವ್ರೀ ಅಮ್ಮಾರ?"

ತಾಟು ತಿಕ್ಕುವಾಗ ರಬ್ಬರಿನ ಗ್ಲೌಸು, ಕೈ ಒರೆಸಿದ ಕೂಡಲೇ ಉಗುರಿಗೆ ಎಣ್ಣೆಯೋ ಮುಲಾಮೋ, ಉಗುರು ಸಣ್ಣಗೆ ಕತ್ತರಿಸಿಡುವುದು, ಡಬ್ಬಿಯ ಮುಚ್ಚಳ ಅದರಿಂದ ಮೀಟದೇ ಇರುವುದು. ಇಷ್ಟೇ ಔಷಧಿ. "ಹೊಸಾ ಉಗುರು ಬುಡದಿಂದ ಬರಬೇಕು. ತಿಂಗಳುಗಟ್ಟಲೆ ತಡೀಬೇಕ್ರಿ," ಅಂದರು.

ಮನೆಗೆ ಬಂದು ಅರ್ಧ ತಾಸಿನಲ್ಲಿ ನೋಡುತ್ತೇನೆ, ಅಕ್ಕ ಬಚ್ಚಲಲ್ಲಿ ಕೂತು ಸಾಬೂನು ಹಚ್ಚಿ ತೊಳೆಯುತ್ತಿದ್ದಾಳೆ. ಏನನ್ನು? ಗ್ಲೌಸನ್ನು. ಬರಿಗೈಯಲ್ಲಿ.

ಆವತ್ತೇ ನೀರಿನ ಕೆಲಸವನ್ನೆಲ್ಲ ನಾನು ಕಸಿದುಕೊಂಡೆ. ಅಕ್ಕ ಕುರ್ಚಿ ಹಾಕಿಸಿಕೊಂಡಳು. "ಆ ತಾಟಿನ್ಯಾಗ ನನ್ನ ಮಾರಿ ಕಾಣವಲ್ಲದು. ಇನ್ನೊಂದ ಸಲ ತಿಕ್ಕು." ಗಂಡಸರು ನಗುತ್ತಿದ್ದರು. ನನ್ನ ತೋಳು ನಗುತ್ತಿರಲಿಲ್ಲ.

ಸಂಕ್ರಾಂತಿಗೆ ಉಗುರಿನ ಬುಡದಲ್ಲಿ ನುಣುಪಾದ ಗುಲಾಬಿ ಬಣ್ಣ ಕಂಡಿತು. ಅಕ್ಕ ದಿನವೂ ಕೈಯನ್ನು ಕಿಟಕಿಗೆ ಹಿಡಿದು, ತೊಟ್ಟಿಲ ಕೂಸನ್ನು ನೋಡುವಂತೆ ನೋಡುತ್ತಿದ್ದಳು. ಬಿರಿದ ತುದಿಯನ್ನು ನಾನು ವಾರವಾರ ಕತ್ತರಿಸುತ್ತಿದ್ದೆ. ಶಿವರಾತ್ರಿ ದಾಟಿತು. ಹೆಬ್ಬೆರಳಿನ ಹಳೆಯ ಪದರಿನ ಕೊನೆಯ ಅಂಚು ಉದುರಿತು. ಮದುವೆ ಮುಂದಿನ ವಾರವೆನ್ನುವಾಗ, ನಿನ್ನೆ, ಅಕ್ಕ ಹಿಟ್ಟು ನಾದಿದಳು. ಡಾಕ್ಟರು ಉಗುರಿನಿಂದ ಕೆಲಸ ಮಾಡಬೇಡಿ ಅಂದಿದ್ದರಲ್ಲ ಎಂದೆ. "ಡಬ್ಬಿ ಮುಚ್ಚಳದ್ದು ಹೇಳ್ಯಾನ. ಗೌಲಿದು ಎಲ್ಲಿ ಹೇಳ್ಯಾನ?" ಅಂದಳು.

ಸಂಜೆಗೆ ಮೊರ ತುಂಬಿತು. ಅಕ್ಕ, ನಾನು, ಮಗಳು ಮೂವರೂ ಕಿಟಕಿಯ ಬಳಿ ಕಾಳು ಕಾಳು ಬಿಡಿಸಿ ನೋಡಿದೆವು. ಏನೂ ಇರಲಿಲ್ಲ. ಬರೀ ಗೌಲಿ.

"ದೊಡ್ಡವ್ವಾ, ಒಂದ ಚೂರಾದ್ರೂ ಸಿಕ್ಕಿದ್ರ ನಮ್ಮ ಅತ್ತಿ ಪಾಯಸದಾಗ ಹಾಕತಿದ್ದೆ," ಅಂದಳು ಮಗಳು. ಅಕ್ಕ ಅವಳ ಬೆನ್ನಿಗೆ ಒಂದು ಗುದ್ದಿ, ಅದೇ ಕೈಯಿಂದ ಅವಳನ್ನು ತಬ್ಬಿಕೊಂಡು ಬಹಳ ಹೊತ್ತು ಬಿಡಲಿಲ್ಲ.

ಊಟಕ್ಕೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಜ್ಜಿಗೆ, ಮೇಲೆ ರುಚಿ ನೋಡಲು ಒಂದೊಂದು ಬಟ್ಟಲು ಗೌಲಿ ಪಾಯಸ. ತಾಟು ತಿಕ್ಕಿ, ಎರಡನೆಯ ಸಲಕ್ಕೆ ಮತ್ತೆ ನೀರು ಬಿಡುತ್ತಿದ್ದೆ. ಅಕ್ಕ ಕುರ್ಚಿಯಿಂದ ಎದ್ದು ಬಂದು ನಲ್ಲಿ ನಿಲ್ಲಿಸಿದಳು. ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು. ನನ್ನ ಹೆಬ್ಬೆರಳಿನ ಉಗುರು ತುದಿಯಲ್ಲಿ ಈರುಳ್ಳಿ ಸಿಪ್ಪೆಯ ಹಾಗೆ ಎದ್ದಿತ್ತು. ನಾನೇ ನೋಡಿರಲಿಲ್ಲ.

ಅಕ್ಕ ಎಣ್ಣೆಯ ಬಟ್ಟಲು ತಂದು, ಹಾಸಿಗೆಯ ಮೇಲೆ ನನ್ನ ಪಕ್ಕ ಕೂತು, ನನ್ನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಉಗುರಿಗೆ ಎಣ್ಣೆ ತಿಕ್ಕತೊಡಗಿದಳು.

"ನಾಳೆ ನಿನಗೂ ಒಂದು ಜೋಡಿ ಗ್ಲೌಸು ತರೂಣು," ಅಂದಳು. ಮುಂದಿನ ಬೆರಳು ಹಿಡಿದು, ತಗ್ಗಿದ ದನಿಯಲ್ಲಿ, "ತಾಟು ಒಂದ ಸಲ ತಿಕ್ಕಿದ್ರ ಸಾಕು ತಂಗಿ."

ಉಂಗುರದ ಬೆರಳಿನವರೆಗೆ ನೆನಪಿದೆ. ಮೊದಲು ನಿದ್ದೆ ಹೋದವಳು ನಾನು.