ವಾರದ ಓನರು

ತಮ್ಮ ರೂಮಿನ ಕಿಟಕಿಯ ಸರಳಿಗೆ ಯಾರದೋ ಒದ್ದೆ ಬೈರಾಸು ಒಣಗಲು ಹಾಕಿದ್ದನ್ನು ಶೀನಪ್ಪ ರೈಗಳು ಬಸ್ಸಿನಿಂದ ಇಳಿಯುವ ಮೊದಲೇ ಕಂಡರು. ಮೈ ಒರೆಸುವ, ಕೆಂಪು ಅಂಚಿನ ಬೈರಾಸು. ಹೊಳೆಯ ಗಾಳಿಗೆ ಅದು ಹಾಯಾಗಿ ಆಡುತ್ತಿದ್ದ ರೀತಿ ನೋಡಿದರೆ ಅಲ್ಲೇ ಸಂಸಾರ ಹೂಡಿ ಮಕ್ಕಳು ಮರಿಯಾದ ಹಾಗಿತ್ತು.

“ಕಂಡ್ಯಾ?” ಎಂದರು ಹೆಂಡತಿ ಪಂಕಜಾಕ್ಷಿಗೆ. “ನೀನು ಸಂಜೆ ಹೋಗುವ, ಸಂಜೆ ಹೋಗುವ ಅಂತ ಹೇಳಿದ್ದಲ್ವಾ? ಸಂಜೆ ಬಂದಿದ್ರೆ ಬೈರಾಸು ತೆಗೆದು ಎಲ್ಲ ಸಾಫು ಮಾಡಿ ಇಡ್ತಿದ್ರು. ನಮಗೆ ಗೊತ್ತೇ ಆಗ್ತಿರ್ಲಿಲ್ಲ.”

“ಇದಾ, ನಾನು ಹೇಳುದು ಸ್ವಲ್ಪ ಕೇಳಿ…”

“ಆಮೇಲೆ ಹೇಳು. ಮೊದಲು ಇಳಿ.”

ರೈಗಳು ಪುತ್ತೂರಿನ ಒಂದು ಖಾಸಗಿ ಬಸ್ ಕಂಪೆನಿಯಲ್ಲಿ ತಲೆ ನರೆಯುವವರೆಗೆ ಟಿಕೇಟು ಚೆಕ್ಕಿಂಗ್ ಮಾಡಿ ನಿವೃತ್ತರಾದವರು. ಅವರ ಲೆಕ್ಕದಲ್ಲಿ ಜಗತ್ತಿನಲ್ಲಿ ಇರುವುದು ಎರಡೇ ಜಾತಿಯ ಜನ: ಸಿಕ್ಕಿಬಿದ್ದವರು ಮತ್ತು ಇನ್ನೂ ಸಿಕ್ಕಿಬೀಳದವರು. ಮದುವೆಯ ಊಟಕ್ಕೆ ಕೂತರೆ ಪಾಯಸ ಬಡಿಸುವವನ ಸೌಟು ಪಕ್ಕದ ಎಲೆಯಲ್ಲಿ ಎಷ್ಟು ಬಗ್ಗಿತು, ತಮ್ಮ ಎಲೆಯಲ್ಲಿ ಎಷ್ಟು ಬಗ್ಗಿತು ಎಂದು ನೋಡದೆ ಅವರು ತುತ್ತು ಎತ್ತಿದವರಲ್ಲ.

ಆ ರೂಮು ಅವರದಾದ ಸಂಗತಿ ಹೀಗೆ. ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಬಂದ ಪುತ್ತೂರಿನ ಕೃಷ್ಣಮೋಹನ, ಕಡಬದ ಹತ್ತಿರ ಕುಮಾರಧಾರೆಯ ದಡದಲ್ಲಿ ಎಂಟು ರೂಮುಗಳ ಒಂದು ವಿಹಾರಧಾಮ ಕಟ್ಟಿಸಿದ್ದ. ಒಂದೊಂದು ರೂಮನ್ನೂ ವಾರಗಳ ಲೆಕ್ಕದಲ್ಲಿ ಮಾರಿದ. ಒಮ್ಮೆ ದುಡ್ಡು ಕೊಟ್ಟರೆ ಆಯಿತು, ಪ್ರತಿ ವರ್ಷ ಆ ಒಂದು ವಾರ ಆ ರೂಮು ನಿಮ್ಮದು. ಎಮ್ಮೆಯನ್ನು ಬಿಟ್ಟು ಅದರ ಮಂಗಳವಾರದ ಹಾಲನ್ನು ಮಾತ್ರ ಕೊಂಡ ಹಾಗೆ ಎಂದು ಜನ ಮೊದಮೊದಲು ನಕ್ಕರು. ನಕ್ಕವರೇ ಆಮೇಲೆ ಒಂದೊಂದು ವಾರ ಕೊಂಡರು. ರೈಗಳ ಪಾಲಿಗೆ ಬಂದದ್ದು ನಾಲ್ಕನೇ ರೂಮು, ಡಿಸೆಂಬರಿನ ಮೊದಲ ವಾರ. ಮಲಗಿದಲ್ಲಿಂದಲೇ ಹೊಳೆ ಕಾಣುವ ರೂಮು.

ಎರಡು ವರ್ಷ ಸುಖವಾಗಿ ಬಂದು ಹೋದರು. ಮೂರನೆಯ ಮಳೆಗಾಲದಲ್ಲಿ ಹೊಳೆಯೇ ಬಂತು. ಯಾವ ವಾರವನ್ನೂ ಕೊಳ್ಳದೆ ಎಂಟೂ ರೂಮುಗಳಲ್ಲಿ ಉಳಿದುಕೊಂಡಿತು. ರಿಪೇರಿಗೆಂದು ಮುಚ್ಚಿದ ಬಾಗಿಲು ಈಗ, ಎಂಬತ್ತಾರರ ದೀಪಾವಳಿ ಕಳೆದ ಮೇಲೆ ತೆರೆದಿತ್ತು. ಇಷ್ಟು ಕಾಲ ಅದು ನಿಜವಾಗಿಯೂ ಮುಚ್ಚಿತ್ತೋ ಅಥವಾ ಪಾಲುದಾರರಿಗೆ ಮಾತ್ರ ಮುಚ್ಚಿತ್ತೋ ಎಂಬ ಸಂಶಯ ರೈಗಳನ್ನು ತಿಂಗಳುಗಟ್ಟಲೆ ಕೊರೆದಿತ್ತು. ಬೈರಾಸು ಕಂಡದ್ದೇ ಸಂಶಯ ಹೋಗಿ ಖಾತ್ರಿಯಾಯಿತು.

ಮೆಟ್ಟಿಲಲ್ಲೇ ಮ್ಯಾನೇಜರ್ ವೆಂಕಟ್ರಮಣ ಎದುರಾದ.

“ರೈಗಳು ಇಷ್ಟು ಬೇಗ! ನೀವು ಸಂಜೆ ಬರುದು ಅಂತ ಇತ್ತಲ್ವಾ?”

“ಹಾಗೆ ಯಾರು ಹೇಳಿದ್ದು ನಿನಗೆ?”

ವೆಂಕಟ್ರಮಣ ಪಂಕಜಾಕ್ಷಿಯ ಮುಖ ನೋಡಿದ. ಆಕೆ ಹೊಳೆಯ ಕಡೆ ನೋಡಿದಳು.

“ನನ್ನ ರೂಮಿನಲ್ಲಿ ಯಾರು ಇರುದು?”

“ಒಂದು ದಿವಸದ ಸುದ್ದಿ ಮಾರಾಯ್ರೆ. ಸುಬ್ರಹ್ಮಣ್ಯದಲ್ಲಿ ಒಂದು ಲಾಡ್ಜಿನ ಬಾವಿಯ ಮೋಟಾರು ಸುಟ್ಟುಹೋಗಿದೆ. ಒಂದು ಹನಿ ನೀರಿಲ್ಲ. ಅಲ್ಲಿದ್ದವರನ್ನು ಅಲ್ಲಿಗಿಲ್ಲಿಗೆ ಹಂಚಿದ್ದಾರೆ. ನಿಮ್ಮ ರೂಮಿನಲ್ಲಿ ಮಡಿಕೇರಿಯ ಒಬ್ರು ಅಜ್ಜಿ, ಮತ್ತೆ ಅವರ ಮಗ ಗೌರೀಶಂಕರ ಅಂತ. ಅಜ್ಜಿಗೆ ಕಾಲು ಬಗ್ಗುದಿಲ್ಲ, ಪಾಪ. ಹಿಂದಿನ ರೂಮಿನವರೆಗೆ ನಡೀಲಿಕ್ಕಾಗುದಿಲ್ಲ. ಸಂಜೆಗೆ ಮೋಟಾರು ರೆಡಿ ಆಗ್ತದೆ, ಅವರು ಹೋಗ್ತಾರೆ. ಓನರ್ ಹತ್ರ ಕೇಳಿಯೇ ಕೊಟ್ಟದ್ದು. ಅಲ್ಲಿವರೆಗೆ ನೀವು ಏಳನೇ ರೂಮಿನಲ್ಲಿ ಆರಾಮ ಮಾಡಿ.”

ಓನರ್! ರೈಗಳ ಕಿವಿ ನೆಟ್ಟಗಾಯಿತು. ಹಾಗಾದರೆ ಕೃಷ್ಣಮೋಹನನೂ ಇದರಲ್ಲಿ ಸೇರಿದ್ದಾನೆ.

“ಏಳನೇದು ಅಡುಗೆಕೋಣೆಯ ಹಿಂದೆ ಇರುದಲ್ವಾ? ಅದು ನನಗೆ ಬೇಡ. ಮೋಟಾರು ಸುಟ್ಟದ್ದು ನೀನು ಕಂಡಿದ್ದೀಯಾ?”

“ನಾನು ಎಲ್ಲಿಂದ ಕಾಣುದು?”

“ಹೊಗೆ?”

“ಇಲ್ಲ.”

“ವಾಸನೆ?”

ವೆಂಕಟ್ರಮಣ ಇಲ್ಲವೆಂದು ತಲೆಯಾಡಿಸಿದ. ಟಿಕೇಟಿಲ್ಲದವನು ಜೇಬು ತಡಕುವುದನ್ನು ನೋಡುವಾಗ ಮೂಡುತ್ತಿದ್ದ ನಗು ಬಹಳ ಕಾಲದ ಮೇಲೆ ರೈಗಳ ಮೀಸೆಯ ಕೆಳಗೆ ಕಾಣಿಸಿಕೊಂಡಿತು.

ವರಾಂಡದಲ್ಲಿ ಐದನೇ ರೂಮಿನ ಪಾಲುದಾರ, ಉಪ್ಪಿನಂಗಡಿಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟ ಪೋಕರ್ ನೆಮ್ಮದಿಯಾಗಿ ಚಾ ಕುಡಿಯುತ್ತಿದ್ದರು. ರೈಗಳು ಪಕ್ಕದಲ್ಲಿ ಕೂತರು.

“ಪೋಕರಾಕ, ನಿಮ್ಮ ರೂಮಿನಲ್ಲಿ ಎಂತದೂ ವ್ಯತ್ಯಾಸ ಕಾಣುದಿಲ್ವಾ?”

“ಎಂತ ವ್ಯತ್ಯಾಸ ರೈಗಳೇ? ಚಂದ ಬಣ್ಣ ಬಳಿದಿದ್ದಾರೆ.”

“ಯಾಕೆ ಬಳಿದದ್ದು?”

ಪೋಕರ್ ಅದನ್ನು ಯೋಚಿಸಿಯೇ ಇರಲಿಲ್ಲ.

“ಇದ್ದದ್ದನ್ನು ಮುಚ್ಚಲಿಕ್ಕೆ ಅಲ್ವಾ ಬಣ್ಣ ಬಳಿಯುದು?” ರೈಗಳು ದನಿ ತಗ್ಗಿಸಿದರು. “ನಮಗೆ ರಿಪೇರಿ ಅಂತ ಹೇಳುದು, ಒಳಗಿಂದ ಹೋಟೆಲು ನಡೆಸುದು. ಇವತ್ತು ನನ್ನ ರೂಮಿಗೆ ಅಜ್ಜಿ ಬಂದಿದ್ದಾರೆ. ನಾಳೆ ನಿಮ್ಮ ರೂಮಿಗೆ ಅಜ್ಜ ಬರ್ತಾರೆ.”

ಪೋಕರರ ಕೈಯ ಚಾ ತಣ್ಣಗಾಯಿತು. “ಹೌದಾ ಮಾರಾಯ್ರೆ? ನಿನ್ನೆ ನನ್ನ ಮಂಚ ಸ್ವಲ್ಪ ಶಬ್ದ ಮಾಡ್ತಾ ಇತ್ತು. ಯಾರೋ ಮಲಗಿ ಮಲಗಿಯೇ ಸಡಿಲ ಆದದ್ದೋ ಏನೋ!”

ತಮ್ಮ ಕಡೆಗೆ ಒಬ್ಬರು ಸಿಕ್ಕಿದರು. ಇನ್ನು ಸಾಕ್ಷಿ ಬೇಕು.

ನಾಲ್ಕನೇ ರೂಮಿನ ಹಿಂಬದಿಗೆ ಹೋದರೆ ಎತ್ತರದಲ್ಲಿ ಒಂದು ವೆಂಟಿಲೇಟರು. ಗೋಡೆಗೆ ಸುಣ್ಣ ಹೊಡೆಯುವವರು ಊಟಕ್ಕೆ ಹೋಗುವಾಗ ಬಿಟ್ಟ ಒಂದು ಸ್ಟೂಲು, ಅದರ ಪಕ್ಕಕ್ಕೆ ಅರ್ಧ ಕತ್ತರಿಸಿದ ಡ್ರಮ್ಮಿನ ತುಂಬ ಸುಣ್ಣದ ನೀರು. ರೈಗಳು ಸ್ಟೂಲಿನ ಮೇಲೆ ಹತ್ತಿ ಇಣುಕಿದರು. ಮಂಚದ ಮೇಲೆ ಒಬ್ಬಳು ಮುದುಕಿ ಅಂಗಾತ ಮಲಗಿ ಛಾವಣಿ ನೋಡುತ್ತಿದ್ದಳು. ನೋಡುತ್ತಿದ್ದ ಹಾಗೆಯೇ ವೆಂಟಿಲೇಟರಿನಲ್ಲಿ ಒಂದು ದೊಡ್ಡ ಮೀಸೆ ಉದಯಿಸಿತು.

“ಅಯ್ಯೋ ಶಂಕರಾ!”

ಆ ಕೂಗಿಗೆ ಸ್ಟೂಲು ಒಂದು ಕಡೆಗೆ ಹೋಯಿತು, ರೈಗಳು ಒಂದು ಕಡೆಗೆ ಬಂದರು. ಮಗ್ಗುಲಾಗಿ ಡ್ರಮ್ಮಿಗೆ ಬಿದ್ದದ್ದರಿಂದ ಬಲಭಾಗ ಪೂರ್ತಿ ಬಿಳಿ, ಎಡಭಾಗ ಮೊದಲಿನ ಹಾಗೆಯೇ ಕಪ್ಪು.

ಸಪೂರ ಮನುಷ್ಯನೊಬ್ಬ ಓಡಿಬಂದು ಅವರನ್ನು ಎತ್ತಿ ನಿಲ್ಲಿಸಿದ. “ನಾನು ಗೌರೀಶಂಕರ. ನೋವಾಯ್ತಾ ಸಾರ್? ನೀವೇ ಈ ರೂಮಿನವರಂತೆ. ನಮ್ಮಿಂದ ನಿಮಗೆ ತುಂಬಾ ತೊಂದರೆ ಆಯ್ತು.”

ಇಷ್ಟು ಮರ್ಯಾದೆ! ರೈಗಳ ಅನುಭವದಲ್ಲಿ ಚೆಕ್ಕಿಂಗಿನವರು ಹತ್ತಿದಾಗ ಎದ್ದು ನಿಂತು ಜಾಗ ಕೊಡುತ್ತಿದ್ದವರೆಲ್ಲ ಟಿಕೇಟಿಲ್ಲದವರೇ.

ಸದ್ದು ಕೇಳಿ ಬಂದ ಪಂಕಜಾಕ್ಷಿ ಗಂಡನ ಎರಡು ಬಣ್ಣವನ್ನೂ ನೋಡಿದಳು. “ಇನ್ನಾದರೂ ನಾನು ಹೇಳುದು ಕೇಳ್ತೀರಾ? ಈ ರೂಮಿನ ವಿಷಯ…”

“ವಿಷಯ ನನಗೆ ಗೊತ್ತುಂಟು. ನೀನು ಒಳಗೆ ಹೋಗಿ ಆ ಅಜ್ಜಿಯ ಬಾಯಿ ಬಿಡಿಸು.”

ಪಂಕಜಾಕ್ಷಿ “ಆಗಲಿ” ಎಂದು ಒಳಗೆ ಹೋದವಳು ಸಂಜೆಯವರೆಗೆ ಹೊರಗೆ ಬರಲೇ ಇಲ್ಲ.

ಮೈ ತೊಳೆದುಕೊಳ್ಳಿ ಎಂದು ಪೋಕರ್ ನೀರು ತಂದುಕೊಟ್ಟರೂ ರೈಗಳು ಒಪ್ಪಲಿಲ್ಲ. “ಇರ್ಲಿ. ಇದು ಸಾಕ್ಷಿ. ಕೃಷ್ಣಮೋಹನ ಬರ್ಲಿ, ತೋರಿಸ್ತೇನೆ.” ಹಾಗೆಯೇ ಸುಬ್ರಹ್ಮಣ್ಯದ ಬಸ್ಸು ಹತ್ತಿದರು. ಬಸ್ಸು ತುಂಬ ಯಾತ್ರಿಕರು ನೇತಾಡುತ್ತಿದ್ದರೂ ಅವರ ಬಲಬದಿಯ ಸೀಟಿನಲ್ಲಿ ಯಾರೂ ಕೂರಲಿಲ್ಲ.

ಲಾಡ್ಜಿನ ಹಿಂದೆ ಬಾವಿ, ಬಾವಿಯ ಪಕ್ಕ ಪಂಪಿನ ಗೂಡು. ಮೆಕ್ಯಾನಿಕ್ಕು ಮೋಟಾರು ಕೂರಿಸಿ ಬೆವರು ಒರೆಸಿಕೊಳ್ಳುತ್ತಿದ್ದ.

“ಇದೇನಾ ಸುಟ್ಟುಹೋದ ಮೋಟಾರು?”

“ಸುಟ್ಟದ್ದೇ. ವೈಂಡಿಂಗ್ ಮಾಡಿ ತಂದದ್ದು. ಇನ್ನು ವಯರು ಸರಿ ಮಾಡುದು ಮಾತ್ರ ಬಾಕಿ.”

“ನೋಡುವಾಗ ಹೊಸದರ ಹಾಗೆ ಉಂಟು.” ರೈಗಳ ಕೈ ಸ್ವಿಚ್ಚಿನ ಕಡೆ ಹೋಯಿತು.

“ಅಯ್ಯೋ, ಅದನ್ನು ಮುಟ್ಟಬೇಡಿ!”

ಮುಟ್ಟಬೇಡಿ! ಬಚ್ಚಿಡಲು ಏನಾದರೂ ಇದ್ದವರು ಮಾತ್ರ ಹೇಳುವ ಮಾತು. ರೈಗಳು ಒತ್ತಿಯೇಬಿಟ್ಟರು. ಟಪ್ ಎಂದಿತು. ನೀಲಿ ಕಿಡಿಯೊಂದು ಹಾರಿ, ಮೋಟಾರು ಹಂದಿಯ ಹಾಗೆ ಒಮ್ಮೆ ಗುರುಗುಟ್ಟಿ ಸುಮ್ಮನಾಯಿತು. ಹೊಗೆ ಬಂತು. ವಾಸನೆಯೂ ಬಂತು. ಮೆಕ್ಯಾನಿಕ್ಕು ತಲೆಯ ಮೇಲೆ ಕೈ ಹೊತ್ತು ಕೂತು ಮತ್ತೆ ತಲೆ ಎತ್ತುವಷ್ಟರಲ್ಲಿ ರೈಗಳು ಹಿಂದಿನ ಓಣಿಯಿಂದ ಬಸ್ ಸ್ಟ್ಯಾಂಡು ತಲುಪಿಯಾಗಿತ್ತು.

ಬಸ್ಸಿನಲ್ಲಿ ಅರ್ಧ ದಾರಿಯವರೆಗೆ ಹಿಂದೆ ತಿರುಗಿ ತಿರುಗಿ ನೋಡಿದರು. ಆಮೇಲೆ ಬುದ್ಧಿ ಕೆಲಸ ಮಾಡಿತು. ಮೋಟಾರು ಈಗ ಸುಟ್ಟಿತು ಎಂದರೆ ಅಲ್ಲಿಯವರೆಗೆ ಅದು ಸುಟ್ಟಿರಲಿಲ್ಲ ಎಂದಾಯಿತಲ್ಲ! ಸುಳ್ಳು ಸಿಕ್ಕಿಬಿತ್ತು. ವಿಹಾರಧಾಮದ ಎದುರು ಇಳಿಯುವಾಗ ಅವರ ನಡಿಗೆಯಲ್ಲಿ ದಿಗ್ವಿಜಯದ ಗತ್ತು ಇತ್ತು.

ಕೃಷ್ಣಮೋಹನ ಪುತ್ತೂರಿನಿಂದ ಸ್ಕೂಟರಿನಲ್ಲಿ ಬಂದಿದ್ದ. ಪೋಕರ್ ಅಷ್ಟರೊಳಗೆ ಸಂಶಯವನ್ನು ರೂಮಿಂದ ರೂಮಿಗೆ ಹಂಚಿ ಆಗಿತ್ತು. ಒಬ್ಬರಿಗೆ ತಮ್ಮ ತಲೆದಿಂಬು ತೆಳ್ಳಗಾದ ಹಾಗೆ, ಇನ್ನೊಬ್ಬರಿಗೆ ಕನ್ನಡಿ ಸಣ್ಣದಾದ ಹಾಗೆ ಕಾಣತೊಡಗಿತ್ತು. ಎಲ್ಲರೂ ವರಾಂಡದಲ್ಲಿ ಸೇರಿದ್ದರು.

“ಆ ಮೋಟಾರು ಸುಟ್ಟೇ ಇರ್ಲಿಲ್ಲ,” ರೈಗಳು ಘೋಷಿಸಿದರು. “ನಾನು ಕಣ್ಣಾರೆ ಕಂಡು ಬಂದದ್ದು!”

“ರೈಗಳೇ, ನೀವು ಸ್ವಲ್ಪ ಕೂತ್ಕೊಳ್ಳಿ,” ಎಂದ ಕೃಷ್ಣಮೋಹನ. “ಓನರ್ ಒಪ್ಪದೆ ನಾವು ಯಾರನ್ನೂ ಇಟ್ಟಿಲ್ಲ.”

“ಬಾಯಿಮಾತು ಬೇಡ, ಕಾನೂನು ಆಗ್ಲಿ. ಆ ವಾರದ ಓನರ್ ಎಲ್ಲರ ಎದುರಿಗೆ ಬಾಯಿಬಿಟ್ಟು ಒಪ್ಪದೆ ಒಂದು ನರಪಿಳ್ಳೆಯೂ ಹೊತ್ತು ಮುಳುಗಿದ ಮೇಲೆ ರೂಮಿನೊಳಗೆ ಇರಬಾರದು.”

“ಓನರಿನ ನೆಂಟರಾದರೆ?” ಪೋಕರ್ ಕೇಳಿದರು.

“ನೆಂಟನಾದ್ರೂ ಅಷ್ಟೇ, ಮನೆಯವನಾದ್ರೂ ಅಷ್ಟೇ. ದಾಕ್ಷಿಣ್ಯ ಮಾಡಿದ್ರಿಂದಲೇ ದೇಶ ಹಾಳಾದದ್ದು.”

ಎಲ್ಲರೂ ಕೈ ಎತ್ತಿದರು. ಕೃಷ್ಣಮೋಹನ ಒಂದು ಕ್ಷಣ ರೈಗಳನ್ನೇ ನೋಡಿ, ತಾನೂ ಕೈ ಎತ್ತಿದ.

ಅಷ್ಟರಲ್ಲಿ ಜೀಪೊಂದು ಬಂದು ನಿಂತು ಲಾಡ್ಜಿನ ಮೆಕ್ಯಾನಿಕ್ಕು ಇಳಿದ. “ನಮ್ಮ ಲಾಡ್ಜಿನ ಜನವನ್ನು ಇವತ್ತು ಕಳಿಸಬೇಡಿ ಅಂತ ಹೇಳ್ಲಿಕ್ಕೆ ಬಂದದ್ದು. ಮೋಟಾರು ಪುನಃ ಹೋಯ್ತು. ಯಾರೋ ಒಬ್ಬ ಹುಚ್ಚ ಬಂದು ಸ್ವಿಚ್ಚು ಒತ್ತಿ ಓಡಿದ. ಅರ್ಧ ಮೈ ಬಿಳಿ, ಅರ್ಧ ಮೈ…”

ಅವನು ಮಾತು ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ. ವರಾಂಡದ ಎಲ್ಲ ಕಣ್ಣುಗಳೂ ರೈಗಳ ಬಲಭಾಗದಿಂದ ಎಡಭಾಗಕ್ಕೆ, ಎಡಭಾಗದಿಂದ ಬಲಭಾಗಕ್ಕೆ ಓಡಾಡಿದವು. ಪೋಕರ್ ತಮ್ಮ ಕುರ್ಚಿಯನ್ನು ಮೆಲ್ಲಗೆ ಆಚೆಗೆ ಸರಿಸಿಕೊಂಡರು.

ನಾಲ್ಕನೇ ರೂಮಿನ ಬಾಗಿಲು ತೆರೆಯಿತು. ಗೌರೀಶಂಕರ ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ತಾಯಿಯನ್ನು ಹಿಡಿದು ಹೊರಗೆ ಬಂದ. ಹಿಂದೆಯೇ ಪಂಕಜಾಕ್ಷಿ. “ಕಾನೂನು ಆಯ್ತಂತೆ. ನಾವು ಹೊರಡ್ತೇವೆ.” ಎಲ್ಲಿಗೆ ಎಂದು ಅವನಿಗೇ ಗೊತ್ತಿದ್ದ ಹಾಗೆ ಕಾಣಲಿಲ್ಲ. ಮುದುಕಿ ಒಂದು ಹೆಜ್ಜೆ ಇಟ್ಟು ನಿಂತಳು, ಮತ್ತೊಂದು ಇಟ್ಟು ಗೋಡೆ ಹಿಡಿದಳು. ಹೊಳೆಯಾಚೆ ಸೂರ್ಯ ಇಳಿಯುತ್ತಿದ್ದ.

ರೈಗಳು ಮುದುಕಿಯ ಕಾಲಿನ ಕಡೆ ನೋಡಿದರು. ಮೋಟಾರಿನ ವಾಸನೆ ಇನ್ನೂ ಮೂಗಿನಲ್ಲಿತ್ತು. ಮರ್ಯಾದೆ ಉಳಿಸಿಕೊಳ್ಳಲೂ ಇದೇ ಸಮಯ. ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

“ಕಾನೂನು ಕಾನೂನೇ. ಆದರೆ ಈ ವಾರದ ಓನರ್ ಆಗಿ ಎಲ್ಲರ ಎದುರಿಗೆ ನಾನು ಹೇಳ್ತೇನೆ, ಅಜ್ಜಿ ಇರ್ಲಿ.”

“ನೀವು ಹೇಳುದಲ್ಲ ರೈಗಳೇ,” ಎಂದ ಕೃಷ್ಣಮೋಹನ. “ಓನರ್ ಪಂಕಜಕ್ಕ.”

ರೈಗಳಿಗೆ ಆಗ ನೆನಪಾಯಿತು. ಹೌದು. ಚೆಕ್ಕಿಂಗಿನವನಿಗೆ ಇಂಥದ್ದನ್ನೆಲ್ಲ ಕೊಳ್ಳಲು ಎಲ್ಲಿಂದ ಬಂತು ಎಂದು ಬಸ್ಸಿನ ಧಣಿಗಳು ಸಂಶಯಪಟ್ಟಾರೆಂದು ಆ ವಾರವನ್ನು ಹೆಂಡತಿಯ ಹೆಸರಿನಲ್ಲಿ ಕೊಂಡವರು ಅವರೇ. ವರ್ಷಗಟ್ಟಲೆ ‘ನನ್ನ ರೂಮು’ ಎಂದು ಹೇಳಿ ಹೇಳಿ ಅದನ್ನು ಮರೆತೇಬಿಟ್ಟಿದ್ದರು.

“ನಾನು ನಿನ್ನೆ ಪುತ್ತೂರಿಗೆ ಬಂದು ಪಂಕಜಕ್ಕನ ಹತ್ರ ಕೇಳಿಯೇ ರೂಮು ಕೊಟ್ಟದ್ದು,” ಎಂದ ವೆಂಕಟ್ರಮಣ. “ನೀವು ಪೇಟೆಗೆ ಹೋಗಿದ್ರಿ. ಅಜ್ಜಿ ಇರ್ಲಿ, ನಾವು ಸಂಜೆ ಬರ್ತೇವೆ ಅಂತ ಅವರೇ ಹೇಳಿದ್ದು.”

“ನನಗೆ ಯಾಕೆ ಹೇಳ್ಲಿಲ್ಲ?” ರೈಗಳು ಹೆಂಡತಿಯ ಕಡೆ ತಿರುಗಿದರು.

“ಎಲ್ಲಿ ಹೇಳುದು? ನಿಮಗೆ ಬೇರೆಯವರ ಬಾಯಿ ಬಿಡಿಸ್ಲಿಕ್ಕೆ ಮಾತ್ರ ಗೊತ್ತು. ಬಾಯಿ ಬಿಟ್ಟವರ ಮಾತು ಕೇಳ್ಲಿಕ್ಕೆ ಗೊತ್ತಿಲ್ಲ.” ಪಂಕಜಾಕ್ಷಿ ಮುದುಕಿಯ ಕೈ ಹಿಡಿದುಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು, “ಅಜ್ಜಿ ಇರ್ತಾರೆ. ನಾನು ಅವರೊಟ್ಟಿಗೆ ಮಲಗ್ತೇನೆ.”

“ಮಗ ನನ್ನ ರೂಮಿನಲ್ಲಿ ಮಲಗ್ಲಿ,” ಎಂದರು ಪೋಕರ್, ರೈಗಳ ಮುಖ ನೋಡದೆ. “ಓನರ್ ನಾನೇ. ನಾನು ಒಪ್ಪಿದ್ದೇನೆ.”

“ಮತ್ತೆ ರೈಗಳು?” ಕೃಷ್ಣಮೋಹನ ಬಹಳ ವಿನಯದಿಂದ ಕೇಳಿದ. “ಮನೆಯವರಾದ್ರೂ ಬಾಯಿಬಿಟ್ಟು ಒಪ್ಪಬೇಕು ಅಂತ ಉಂಟು, ಪಂಕಜಕ್ಕ.”

ಪಂಕಜಾಕ್ಷಿ ಗಂಡನನ್ನು ನೋಡಿದಳು. ಒಂದು ಗಳಿಗೆ ಮನಸ್ಸು ಕರಗಿದ ಹಾಗೆ ಕಂಡಿತು. ಅಷ್ಟರಲ್ಲಿ ಮುದುಕಿ ಆಕೆಯ ಸೆರಗಿನ ಹಿಂದೆ ಅಡಗಿ, “ಆ ಮೀಸೆ ಇದೇ ಮಗಳೇ” ಎಂದಳು.

“ಇಲ್ಲ,” ಎಂದಳು ಪಂಕಜಾಕ್ಷಿ. “ಇವರು ಒಳಗಿದ್ರೆ ಅಜ್ಜಿಗೆ ನಿದ್ದೆ ಬರ್ಲಿಕ್ಕಿಲ್ಲ.”

“ನನಗೆ ಏಳನೇ ರೂಮು ಸಾಕು,” ರೈಗಳ ದನಿ ಇಳಿದಿತ್ತು. “ಅಡುಗೆಕೋಣೆಯ ಹಿಂದಿನದ್ದಾದ್ರೂ ಅಡ್ಡಿಯಿಲ್ಲ.”

“ಅದರ ಓನರ್ ಸುಳ್ಯದಲ್ಲಿ ಇರುದು,” ಎಂದ ವೆಂಕಟ್ರಮಣ. “ಮೊದಲಾದ್ರೆ ಕೊಡ್ತಿದ್ದೆ. ಈಗ ಕಾನೂನು ಉಂಟಲ್ವಾ.”

ದೀಪ ಹಚ್ಚುವ ಹೊತ್ತಾಯಿತು. ಎಲ್ಲರೂ ತಮ್ಮ ತಮ್ಮ ರೂಮು ಸೇರಿದರು. ನಾಲ್ಕನೇ ರೂಮಿನಿಂದ ಇಬ್ಬರು ಹೆಂಗಸರ ಮಾತು, ನಡುನಡುವೆ ನಗು ಕೇಳಿಬರುತ್ತಿತ್ತು. ರೈಗಳು ವರಾಂಡದ ಮೂಲೆಯಲ್ಲಿ, ಸುಣ್ಣ ಒಣಗಿ ಮೈ ಬಿಗಿಯುತ್ತ ಕೂತಿದ್ದರು. ವೆಂಕಟ್ರಮಣನಿಗೆ ಪಾಪ ಅನಿಸಿತು. ಒಂದು ಚಾಪೆ ತಂದು ಹಾಸಿದ.

“ಮಲಗಿ ರೈಗಳೇ. ವರಾಂಡ ರೂಮಲ್ಲ, ಇದಕ್ಕೆ ಕಾನೂನು ಇಲ್ಲ.”

ರೈಗಳು ಚಾಪೆಯನ್ನು ಒಮ್ಮೆ ನೋಡಿದರು. ತುದಿ ಎತ್ತಿ ಅಡಿಭಾಗವನ್ನೂ ನೋಡಿದರು. ಆಮೇಲೆ ವೆಂಕಟ್ರಮಣನ ಮುಖವನ್ನು ದಿಟ್ಟಿಸಿ ಕೇಳಿದರು:

“ಇದರಲ್ಲಿ ನಿನ್ನೆ ಯಾರು ಮಲಗಿದ್ದು?”